ತೂಗುಸೇತುವೆಯ ಕೆಳಗಿನ ಊರು

“ಗುರುಗಳೇ, ಒಂದು ಜಾಗದ ಗುಣ ದೋಷ ಎರಡನ್ನೂ ಸರಿಯಾಗಿ ತೂಗಿ ನೋಡಿದ ಮೇಲೆ ಅದನ್ನು ಬಿಟ್ಟು ಹೋದರೆ ತಪ್ಪೇನು?”

ಹೀಗೆ ಕೇಳಿದವನು ಮರುಳಯ್ಯನೆಂಬ ಶಿಷ್ಯ. ಅವನ ಬಟ್ಟೆಯ ಗಂಟು ಆಗಲೇ ಮಠದ ಜಗುಲಿಗೆ ಬಂದಿತ್ತು.

“ಏನು ತೂಗಿದೆ, ಹೇಳು,” ಎಂದರು ಗುರುಗಳು.

“ಮೊದಲಿದ್ದ ಮಠದಲ್ಲಿ ಸಂಗೀತ ಚೆನ್ನಾಗಿತ್ತು, ಶಿಸ್ತು ಇರಲಿಲ್ಲ. ಆಮೇಲಿನದರಲ್ಲಿ ಪುಸ್ತಕಗಳಿದ್ದವು, ಬಿಡಿಸಿ ಹೇಳುವವರಿರಲಿಲ್ಲ. ಇಲ್ಲಿ ನಿಯಮವಿದೆ, ನೆಮ್ಮದಿಯಿದೆ. ನಾನೂ ಒಂದು ದಿನ ತಡವಾಗಿ ಏಳಲಿಲ್ಲ. ಒಂದು ಪಾಠ ತಪ್ಪಿಸಲಿಲ್ಲ. ಯಾರಿಂದಲೂ ಒಂದು ಮಾತು ಅನ್ನಿಸಿಕೊಳ್ಳಲಿಲ್ಲ. ಆದರೂ ನನ್ನವರು ಎನ್ನುವ ಒಬ್ಬರೂ ಇಲ್ಲಿ ಸಿಗಲಿಲ್ಲ. ಅದೇ ಇಲ್ಲಿನ ದೋಷ.”

ಗುರುಗಳು ನಕ್ಕರು. “ಎಷ್ಟು ನಕ್ಷತ್ರ ಕೊಡುತ್ತೀಯಪ್ಪ ನಮಗೆ? ಈಗ ಹೋಟೆಲಿನ ದೋಸೆಗೂ ನಕ್ಷತ್ರ ಕೊಡುತ್ತಾರಂತೆ. ಕೂತುಕೋ. ಬಸ್ಸಿಗೆ ಇನ್ನೂ ಹೊತ್ತಿದೆ. ಒಂದು ಕತೆ ಕೇಳಿ ಹೊರಡು.”

ಮರುಳಯ್ಯ ಕೂತ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ವಿಮರ್ಶಕನಿದ್ದ. ಪುಸ್ತಕದ ವಿಮರ್ಶಕನಲ್ಲ, ವಿಡಿಯೋ ಗೇಮಿನ ವಿಮರ್ಶಕ. ಹೊಸ ಆಟ ಬಂದರೆ ಅದನ್ನು ಆಡಿ, ಇದರ ಗುಣ ಇದು, ದೋಷ ಇದು ಎಂದು ಬರೆಯುವುದು ಅವನ ಕೆಲಸ. ನಗಬೇಡ ಮರುಳಯ್ಯ, ಅದೂ ಒಂದು ವಿದ್ಯೆಯೇ.

ಕಾರು ಓಡಿಸುವ ಆಟವೊಂದು ಬಂತು. ‘ವೇಗಕ್ಕೆ ಮೈ ನವಿರೇಳುತ್ತದೆ, ಆದರೆ ರಸ್ತೆ ಬದಿಯ ಮರಗಳೆಲ್ಲ ಒಂದೇ ಅಚ್ಚಿನವು’ ಎಂದು ಬರೆದ. ಯುದ್ಧದ ಆಟವೊಂದು ಬಂತು. ‘ಕತ್ತಿಗೆ ತೂಕವಿದೆ, ಅದನ್ನು ಹಿಡಿದವನಿಗೆ ಕಾರಣವಿಲ್ಲ’ ಎಂದ. ಬೇಸಾಯದ ಆಟವನ್ನು ಆಡಿದ ಮೇಲಂತೂ, ‘ಮಳೆಯ ಸದ್ದು ನಿಜದ್ದೇ, ಆದರೆ ಇಲ್ಲಿ ಕಳೆ ಬೆಳೆಯುವುದಿಲ್ಲ, ಕಳೆಯಿಲ್ಲದ್ದು ಯಾವ ಸೀಮೆಯ ಹೊಲ?’ ಎಂದು ಕೇಳಿದ. ಒಂದು ಮಾತೂ ಸುಳ್ಳಲ್ಲ. ಕಂಡದ್ದನ್ನು ಮಾತ್ರ ಬರೆಯಬೇಕು, ಕಾಣದ್ದನ್ನು ಬರೆಯಬಾರದು ಎನ್ನುವುದು ಅವನ ವ್ರತ. ಅದಕ್ಕೇ ಜನ ಅವನನ್ನು ನಂಬಿದ್ದರು. ಅವನು ಚೆನ್ನಾಗಿದೆ ಎಂದರೆ ಆಡುತ್ತಿದ್ದರು, ಬೇಡ ಎಂದರೆ ಬಿಡುತ್ತಿದ್ದರು.

ಅವನಿಗೆ ಇನ್ನೊಂದು ಹೆಮ್ಮೆಯಿತ್ತು. ಯಾವ ಆಟದಲ್ಲೂ ಅವನು ಸೋಲುತ್ತಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎನ್ನುವ ಗಾದೆ ಇದೆಯಲ್ಲ; ಇವನು ಚೆನ್ನಾಗಿ ಕುಣಿದು ಆಮೇಲೆ ನೆಲ ಡೊಂಕು ಎನ್ನುವವನು. ಅಂಥವನಿಗೆ ಎದುರು ಮಾತಾಡುವವರು ಯಾರು?

ಆ ಕಾಲದಲ್ಲೇ ಒಬ್ಬ ಹೆಂಗಸು ಒಂಟಿಯಾಗಿ ಕೂತು ಒಂದು ಆಟ ಕಟ್ಟಿದಳು. ವರ್ಷಗಟ್ಟಲೆ ಕಟ್ಟಿದಳು. ನೋಡಿದರೆ ಆಟ ಇಷ್ಟೇ. ಮಂಜು ತುಂಬಿದ ಒಂದು ಕಣಿವೆ. ಅದರ ಮೇಲೊಂದು ಹಗ್ಗದ ತೂಗುಸೇತುವೆ. ಆಡುವವನು ಕೈಯಲ್ಲಿ ದೀಪ ಹಿಡಿದು, ಅಲುಗುವ ಹಲಗೆಗಳ ಮೇಲೆ ಹೆಜ್ಜೆಯಿಟ್ಟು, ಆಚೆ ದಡ ಸೇರಬೇಕು.

ವಿಮರ್ಶಕ ಪಕ್ಕದಲ್ಲಿಟ್ಟುಕೊಂಡ ಕಾಫಿ ಆರುವ ಮೊದಲೇ ಆಚೆ ದಡ ಸೇರಿದ. ಅಲ್ಲಿ ಒಂದು ಕಲ್ಲುಬೆಂಚಿತ್ತು, ಬೇರೇನೂ ಇರಲಿಲ್ಲ. ಅವನು ಬರೆದ: ‘ಮಂಜು ಸುಂದರವಾಗಿದೆ. ಸೇತುವೆಯ ಹಗ್ಗ ಕಿರುಗುಟ್ಟುವ ಸದ್ದು ಕಿವಿಯಲ್ಲೇ ಉಳಿಯುತ್ತದೆ. ಆದರೆ ಈ ಲೋಕದಲ್ಲಿ ಒಬ್ಬ ಮನುಷ್ಯನೂ ಇಲ್ಲ. ಇದು ಖಾಲಿ ಆಟ.’

ಜನ ಓದಿದರು. ಯಾರೂ ಆ ಕಡೆ ಸುಳಿಯಲಿಲ್ಲ.

ವಿಮರ್ಶಕನ ಮನೆಯಲ್ಲಿ ಅವನ ಸೋದರತ್ತೆ ಇದ್ದಳು. ಅವನು ಬರೆದು ಮುಗಿಸಿದ ಆಟಗಳನ್ನು ಮಧ್ಯಾಹ್ನದ ಹೊತ್ತು ಅವಳು ಆಡುತ್ತಿದ್ದಳು. ಆಡುತ್ತಿದ್ದಳು ಎಂದರೆ ಹೆಚ್ಚಾಯಿತು. ಈ ಸೇತುವೆಯ ಆಟದಲ್ಲಿ ಮುಂದೆ ಹೋಗು ಎಂದು ಗುಂಡಿ ಒತ್ತಿದರೆ ಅವಳ ದೀಪದವನು ಪಕ್ಕಕ್ಕೆ ಹೋಗುತ್ತಿದ್ದ. ಒಂದು ದಿನ ಅವರೆಕಾಯಿ ಸುಲಿಯುತ್ತ ಅವಳು ಹೇಳಿದಳು: “ಸೇತುವೆ ಕೆಳಗಿನ ಅಜ್ಜಿ ಇವತ್ತೂ ಗಂಜಿ ಕೊಟ್ಟಳು ಕಣೋ. ನನ್ನ ದೀಪ ಆರಿಹೋಗಿತ್ತು. ಅವಳ ಒಲೆಯಿಂದಲೇ ಹತ್ತಿಸಿಕೊಟ್ಟಳು.”

“ಯಾವ ಅಜ್ಜಿ, ಅತ್ತೆ? ಆ ಆಟದಲ್ಲಿ ಯಾರೂ ಇಲ್ಲ.”

“ಯಾರೂ ಇಲ್ವಾ? ಒಂದು ಊರೇ ಇದೆಯಲ್ಲೋ! ಬಿದ್ದರೆ ಸಿಗುತ್ತೆ.”

ಅವನು ಒಮ್ಮೆಯೂ ಬಿದ್ದಿರಲಿಲ್ಲ.

ಆಟ ಕಟ್ಟಿದವಳನ್ನು ಹುಡುಕಿಕೊಂಡು ಹೋದ. “ಕೆಳಗೆ ಊರಿದೆ ಎಂದು ನೀವೇಕೆ ಹೇಳಲಿಲ್ಲ?” ಎಂದು ಕೇಳಿದ. ಅವಳು, “ಬೀಳಿ ಅಂತ ಯಾರಿಗೆ ಹೇಳಲಿ, ಸ್ವಾಮಿ?” ಎಂದಳು. ಅವಳ ಮಾತಿನಲ್ಲಿ ಸಿಟ್ಟು ಇರಲಿಲ್ಲ, ಆಯಾಸವಿತ್ತು. ಅಂಥ ಆಟಗಳು ಆಡುವವರ ಮನೆಯಲ್ಲಿ ಇರುವುದಿಲ್ಲವಂತೆ; ದೂರದಲ್ಲೆಲ್ಲೋ ಸರ್ವರ್ ಎನ್ನುವ ಯಂತ್ರದಲ್ಲಿ ಇರುತ್ತವಂತೆ. ಆಡುವವರೇ ಇಲ್ಲದ ಆಟಕ್ಕೆ ಯಂತ್ರವನ್ನು ಯಾರು ನಡೆಸುತ್ತಾರೆ? ಆ ವಾರ ಕಳೆದ ಮೇಲೆ ಅದನ್ನು ನಿಲ್ಲಿಸುವುದೆಂದು ತೀರ್ಮಾನವಾಗಿತ್ತು. ಆಮೇಲೆ ಸೇತುವೆಯೂ ಇಲ್ಲ, ಊರೂ ಇಲ್ಲ.

ಈಗ ಅವನು ಒಂದು ಒಳ್ಳೆಯ ಮಾತು ಬರೆದಿದ್ದರೆ ಜನ ಬರುತ್ತಿದ್ದರು, ಊರು ಉಳಿಯುತ್ತಿತ್ತು. ಆದರೆ ಕಾಣದ್ದನ್ನು ಬರೆಯುವವನಲ್ಲ ಅವನು. ಆದ್ದರಿಂದ ಕಾಣಲೇಬೇಕಾಯಿತು, ಬೀಳಲೇಬೇಕಾಯಿತು.

ಮೊದಲು ಬೇಕೆಂದೇ ಸೇತುವೆಯಿಂದ ಹಾರಿದ. ಮಂಜು ಅವನನ್ನು ಮೆಲ್ಲಗೆ ಎತ್ತಿ ಮತ್ತೆ ಈಚೆ ದಡದಲ್ಲಿಟ್ಟಿತು. ದಾಟಬೇಕೆಂದು ಹೊರಟು ಬಿದ್ದವರಿಗೆ ಮಾತ್ರ ಆ ಊರು. ಸರಿ, ದಾಟಲು ಹೊರಟ. ಹಲಗೆ ಜಾರಿದಾಗಲೆಲ್ಲ ಬೆರಳುಗಳು ತಾವಾಗಿಯೇ ಹಗ್ಗ ಹಿಡಿದವು. ಈಜು ಬಲ್ಲವನಿಗೆ ಮುಳುಗು ಎಂದರೆ ಆದೀತೇ? ಮತ್ತೆ ಮತ್ತೆ ಆ ಕಲ್ಲುಬೆಂಚಿನ ಮುಂದೆ ಹೋಗಿ ನಿಂತ.

ಅತ್ತೆ ಆಡುವಾಗಲಾದರೂ ನೋಡೋಣ ಎಂದು ಅವಳ ಪಕ್ಕದಲ್ಲಿ ಕೂತ. ಬಾಯಿ ಸುಮ್ಮನಿರಬೇಕಲ್ಲ! ‘ಎಡಕ್ಕೆ, ಅತ್ತೆ, ಎಡಕ್ಕೆ. ಈಗ ನಿಲ್ಲಿ. ಈಗ ಹೋಗಿ’ ಎಂದು ಹೇಳಿಯೇ ಹೇಳಿದ. ಅವಳು ಜೀವಮಾನದಲ್ಲೇ ಮೊದಲ ಸಲ ಸೇತುವೆ ದಾಟಿಬಿಟ್ಟಳು. ಕಲ್ಲುಬೆಂಚು ನೋಡಿ ಅವಳಿಗೆ ಅಳು ಬಂತು. “ನೀನು ಹತ್ತಿರ ಕೂತರೆ ನೆಮ್ಮದಿಯಾಗಿ ಬೀಳೋದಕ್ಕೂ ಬಿಡಲ್ಲ,” ಎಂದು ಬೈದು ಎದ್ದು ಹೋದಳು.

ಕೊನೆಯ ದಿನ ಬಂತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಆಟ ನಿಲ್ಲುವುದಿತ್ತು. ವಿಮರ್ಶಕ ಇನ್ನೊಮ್ಮೆ ಸೇತುವೆಗೆ ಕಾಲಿಟ್ಟ. ಓಡಲು ಮನಸ್ಸಾಗಲಿಲ್ಲ. ಒಂದೊಂದೇ ಹಲಗೆ ನೋಡಿ ನಡೆದ. ನಡುಸೇತುವೆಗೆ ಬಂದಾಗ ಅದೇ ಕಿರುಗುಟ್ಟುವ ಸದ್ದು ಕೇಳಿತು, ಅವನೇ ಹೊಗಳಿ ಬರೆದಿದ್ದ ಸದ್ದು. ಆದರೆ ಹಗ್ಗ ಅಲುಗುತ್ತಿರಲಿಲ್ಲ. ಹಾಗಾದರೆ ಈ ಸದ್ದು ಎಲ್ಲಿಯದು?

ಅವನು ನಿಂತು ಕಿವಿಗೊಟ್ಟ. ಸದ್ದು ಕೆಳಗಿನಿಂದ ಬರುತ್ತಿತ್ತು. ಯಾರೋ ರಾಗಿ ಬೀಸುತ್ತಿದ್ದರು. ಬೀಸುವ ಕಲ್ಲಿನ ಜೊತೆಗೆ ಒಂದು ಹಾಡೂ ಇತ್ತು, ಅರ್ಧ ನಿದ್ದೆಯಲ್ಲಿ ಕೇಳಿದ ಹಾಗೆ. ಅವನು ಕೈಯನ್ನು ಮರೆತ. ನಿಂತವನ ಕಾಲಡಿಯ ಹಲಗೆ ಜಾರಿತು.

ಬಿದ್ದ.

ದೀಪ ಆರಿತು. ಬಿಳಿಯ ಮಂಜಿನೊಳಗೆ ಬಹಳ ಹೊತ್ತು ಇಳಿದ. ಪೆಟ್ಟಾಗಲಿಲ್ಲ. ಕಣ್ಣು ಬಿಟ್ಟಾಗ ಒಂದು ಕೇರಿ ಕಂಡಿತು. ಹಜಾರಗಳಲ್ಲೆಲ್ಲ ದೀಪವಿತ್ತು. ಒಂದು ಮನೆಯ ದೀಪದಿಂದ ಇನ್ನೊಂದು ಮನೆಯವರು ಹತ್ತಿಸಿಕೊಂಡು ಹೋಗುತ್ತಿದ್ದರು. ನಾವು ಯಾವೂರು ಎಂದು ಕೇಳುತ್ತೇವಲ್ಲ, ಅಲ್ಲಿಯವರು ಯಾವ ಹಲಗೆ ಎಂದು ಕೇಳುತ್ತಿದ್ದರು. ಒಂದೇ ಹಲಗೆಯಿಂದ ಬಿದ್ದವರು ನೆಂಟರಂತೆ ಒಂದೇ ಜಗುಲಿಯಲ್ಲಿ ಕೂತಿದ್ದರು. ಅವನ ದೀಪದ ಗುರುತು ಹಿಡಿದು, ‘ನಿಮ್ಮ ಅತ್ತೆ ಬರಲಿಲ್ಲವಲ್ಲ?’ ಎಂದು ಯಾರೋ ಕೇಳಿದರು.

ರಾಗಿ ಬೀಸುತ್ತಿದ್ದ ಅಜ್ಜಿ ಎದ್ದು ಬಂದಳು. ಅವನ ಕೈಯ ದೀಪ ತೆಗೆದುಕೊಂಡು ಒಲೆಯ ಬೆಂಕಿಯಿಂದ ಹತ್ತಿಸಿದಳು. ಅವನ ಮುಖ ನೋಡಿ ಕೇಳಿದಳು: “ಇಷ್ಟು ದಿನ ನಮ್ಮ ತಲೆ ಮೇಲೆ ಓಡಾಡ್ತಿದ್ದ ಸದ್ದು ನಿಂದೇ ಏನಪ್ಪಾ?”

ಅವನು ಉತ್ತರ ಹೇಳಬೇಕೆಂದಿದ್ದ. ಅಷ್ಟರಲ್ಲಿ ಪರದೆ ಕಪ್ಪಾಯಿತು. ಹೊತ್ತು ಮುಗಿದಿತ್ತು.



ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯ ಕೇಳಿದ: “ಆಮೇಲೆ ಅವನು ಬರೆದನೇ?”

“ಬರೆದ. ಅಷ್ಟು ಚೆನ್ನಾಗಿ ಅವನು ಯಾವತ್ತೂ ಬರೆದಿರಲಿಲ್ಲ. ಓದಿದವರು ಗುಂಪು ಗುಂಪಾಗಿ ಹುಡುಕಿಕೊಂಡು ಹೋದರು. ಆಟ ಇರಲಿಲ್ಲ.”

ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಮರುಳಯ್ಯ ಗಂಟಿನ ಮೇಲೆ ಕೈಯಿಟ್ಟು ಎದ್ದ. “ಹಾಗಾದರೆ ನಾನು ಹೋಗಲೋ, ಇರಲೋ? ಅದನ್ನು ನೀವು ಹೇಳಲಿಲ್ಲ, ಗುರುಗಳೇ.”

ಗುರುಗಳು ತಲೆಯೆತ್ತಿ ಅವನನ್ನು ನೋಡಿದರು.

“ನೀನು ಬಂದಾಗಿನಿಂದ ನಮ್ಮ ತಲೆಯ ಮೇಲೆ ನಿನ್ನ ಹೆಜ್ಜೆ ಸದ್ದು ಕೇಳುತ್ತಲೇ ಇದೆ, ಮರುಳಯ್ಯ.”