ಸಭಾಂಗಣದ ಹಲ್ಲಿ

ವಿಶ್ವವಿದ್ಯಾಲಯದ ಸಭಾಂಗಣಕ್ಕೆ ಹೊಸದಾಗಿ ಬಂದ ಹಲ್ಲಿಯೊಂದು ವೇದಿಕೆಯ ಗೋಡೆ ಹತ್ತಿ ಕುಳಿತು ಮೈಕಿಗೆ ಹೇಳಿತು: “ಯಾರು ಏನಂದರೂ ನೀನು ಅದನ್ನೇ ಗಟ್ಟಿಯಾಗಿ ಹೇಳುತ್ತೀಯ. ನಾನು ಹಾಗಲ್ಲ. ನಾನು ಲೊಚಗುಟ್ಟಿದರೆ ಆ ಮಾತು ಸತ್ಯವೆಂದು ಜನ ನಂಬುತ್ತಾರೆ.”

“ಹಾಗಿದ್ದರೆ ಇಲ್ಲಿ ಬಾಯಿ ಮುಚ್ಚಿಕೊಂಡಿರು ತಾಯಿ,” ಎಂದಿತು ಮೈಕು. “ಇದು ವಿಶೇಷ ಉಪನ್ಯಾಸ ನಡೆಯುವ ಜಾಗ.”

ಅಷ್ಟರಲ್ಲಿ ಅತಿಥಿ ವಿದ್ವಾಂಸರು ಎದ್ದು, “ಎರಡೇ ಮಾತಿನಲ್ಲಿ ಮುಗಿಸುತ್ತೇನೆ” ಎಂದರು. ಶಾಲು ಹೊದ್ದವರು ಸುಳ್ಳಾಡುತ್ತಾರೆಯೇ ಎಂದುಕೊಂಡು ಹಲ್ಲಿ ಲೊಚಗುಟ್ಟಿತು. ಸಭಿಕರು ಹಿಗ್ಗಿ, “ಕೃಷ್ಣ ಕೃಷ್ಣ” ಎನ್ನುತ್ತಾ ಕುರ್ಚಿಯ ಕೈಗೆ ಬೆರಳು ಕುಟ್ಟಿದರು.

ಉಪನ್ಯಾಸ ಎರಡು ಗಂಟೆ ನಡೆಯಿತು. ಸಭಿಕರು ವಿದ್ವಾಂಸರನ್ನು ಬಿಟ್ಟು ಹಲ್ಲಿಯನ್ನು ದುರುಗುಟ್ಟಿ ನೋಡತೊಡಗಿದರು.

“ನಮ್ಮ ಕುಲದ ಮರ್ಯಾದೆ ಹೋಯಿತು,” ಎಂದು ಹಲ್ಲಿ ಗೋಳಾಡಿತು. “ಇನ್ನು ಅಪ್ಪಟ ಸತ್ಯ ಕಿವಿಗೆ ಬಿದ್ದರೆ ಮಾತ್ರ ಬಾಯಿ ಬಿಡುತ್ತೇನೆ.”

“ಹಾಗಾದರೆ ಮೂಗಿಯಾದೆ ಅನ್ನು,” ಎಂದಿತು ಮೈಕು.

ಗೊರಕೆಯಿಂದ ಎಚ್ಚೆತ್ತ ಅಧ್ಯಕ್ಷರು, “ಒಂದಕ್ಷರವೂ ಬಿಡದೆ ಕೇಳಿದೆ” ಎಂದರು. ಹಲ್ಲಿ ಸುಮ್ಮನಿತ್ತು. ವಂದನಾರ್ಪಣೆಯವರು ಅಷ್ಟರಲ್ಲಿ ಮುಕ್ಕಾಲು ಪಾಲು ಖಾಲಿಯಾಗಿದ್ದ ಕುರ್ಚಿಗಳ ಕಡೆ ಕೈಮುಗಿದು, “ಕಿಕ್ಕಿರಿದ ಈ ಸಭೆಗೆ” ಎಂದರು. ಆಗಲೂ ಸುಮ್ಮನಿತ್ತು.

ಆಗ ಜವಾನ ನಿಂಗಯ್ಯ ಬಾಗಿಲಲ್ಲಿ ತಲೆಹಾಕಿ, “ಸ್ವಾಮಿ, ಊಟ ಆರ್ತಾ ಐತೆ” ಎಂದ.

ಹಲ್ಲಿ ಮೂರು ಸಲ ಲೊಚಗುಟ್ಟಿತು. “ಕೃಷ್ಣ ಕೃಷ್ಣ” ಎನ್ನಲೂ ಪುರುಸೊತ್ತಿಲ್ಲದೆ ಉಳಿದ ಸಭೆಯೆಲ್ಲ ಎದ್ದು ಹೊರಟಿತು. ಎಲ್ಲರಿಗಿಂತ ಮುಂದೆ ಓಡುತ್ತಿದ್ದವರು ಎರಡೇ ಮಾತಿನ ವಿದ್ವಾಂಸರು.