ಮುಟ್ಟುವ ಮೊದಲು

"ಬುದ್ಧಿ, ಎಲ್ಲರೂ ಕೈ ತೊಳೆಯುವ ಮನೆಯಲ್ಲಿ ರೋಗ ಯಾರ ಕೈಯಿಂದ ಹರಡುತ್ತದೆ?"

ಗುರುಗಳನ್ನು ಹೀಗೆ ಕೇಳಿದವನು ಸಂಗಯ್ಯ. ಮಠದ ಆಸ್ಪತ್ರೆಯ ಉಸ್ತುವಾರಿಯನ್ನು ಗುರುಗಳು ಅವನಿಗೆ ವಹಿಸಿ ಕೆಲವು ತಿಂಗಳಾಗಿತ್ತು. ಅಂದು ಬೆಳಿಗ್ಗೆ ಅವನು ಆಸ್ಪತ್ರೆಯಿಂದ ನೇರವಾಗಿ ಗುರುಗಳ ಬಳಿಗೆ ಬಂದಿದ್ದ. ಹೆರಿಗೆಗೆ ಬಂದಿದ್ದ ಒಬ್ಬ ಹೆಣ್ಣುಮಗಳಿಗೆ ಹೊಲಿಗೆ ಹಾಕಿದ ಜಾಗ ಕೀವಾಗಿ ಜ್ವರ ಏರಿತ್ತು. ಪಕ್ಕದ ಮಂಚದವಳಿಗೂ ಹಾಗೆಯೇ ಆಗಿತ್ತು. ಇಬ್ಬರೂ ಬಂದಾಗ ಗಟ್ಟಿಮುಟ್ಟಾಗಿದ್ದರು.

"ಈಗ ಹೇಗಿದ್ದಾರೆ?" ಎಂದು ಗುರುಗಳು ಕೇಳಿದರು.

"ಔಷಧ ನಡೆಯುತ್ತಿದೆ. ಭಯವಿಲ್ಲ ಎಂದು ಡಾಕ್ಟರು ಹೇಳುತ್ತಾರೆ. ಆದರೆ ಇದು ಮೊದಲ ಸಲವಲ್ಲ, ಬುದ್ಧಿ. ಒಂದು ಕಾಯಿಲೆಗೆಂದು ಬಂದವರು ಇನ್ನೊಂದು ಕಾಯಿಲೆ ಹೊತ್ತುಕೊಂಡು ಹೋಗುತ್ತಾರೆ. ದಾದಿಯರು ಸೋಮಾರಿಗಳಾಗಿದ್ದರೆ ಗದರಿಸುತ್ತಿದ್ದೆ. ಅವರು ಸೋಮಾರಿಗಳಲ್ಲ. ಕೈ ತೊಳೆಯುವುದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಸೋಪು ತರಿಸಿದಷ್ಟೂ ಮುಗಿಯುತ್ತದೆ. ಎಲ್ಲಿ ತಪ್ಪುತ್ತಿದೆ ಎಂದು ನನಗೆ ತಿಳಿಯುತ್ತಿಲ್ಲ."

ಗುರುಗಳು ಅವನಿಗೆ ಕೂರಲು ಹೇಳಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನ ಪಕ್ಕದಲ್ಲಿ ಕಲ್ಲುಗಣಿ ಇತ್ತು. ಕಲ್ಲು ಒಡೆಯುವವರಿಗೂ ಹೊರುವವರಿಗೂ ದಿನವೂ ಏನಾದರೊಂದು ಗಾಯವಾಗುತ್ತಿತ್ತು. ಅವರಿಗಾಗಿ ಒಬ್ಬ ವೈದ್ಯ ಒಂದು ಉದ್ದನೆಯ ಮನೆ ಕಟ್ಟಿಸಿದ. ಎರಡು ಸಾಲು ಮಂಚ ಹಾಕಿಸಿದ. ರೋಗಿಗಳನ್ನು ನೋಡಿಕೊಳ್ಳಲು ಕೆಲವು ಹೆಂಗಸರನ್ನೂ ಗಂಡಸರನ್ನೂ ಸೇರಿಸಿಕೊಂಡು, ತಾನೇ ಕೆಲಸ ಕಲಿಸಿದ.

ವೈದ್ಯನು ಶುಚಿಯಲ್ಲಿ ಬಹಳ ಕಟ್ಟುನಿಟ್ಟು. ಬಾಗಿಲ ಪಕ್ಕದಲ್ಲಿ ಒಂದು ದೊಡ್ಡ ಹಂಡೆ ಇರಿಸಿದ್ದ. ಅದರಲ್ಲಿ ಬೇವಿನ ಸೊಪ್ಪು ಹಾಕಿ ಕುದಿಸಿದ ನೀರು ಸದಾ ಇರುತ್ತಿತ್ತು. ಕೈ ತೊಳೆಯದೆ ಯಾರೂ ಈ ಬಾಗಿಲು ದಾಟಿ ಹೊರಗೆ ಹೋಗಕೂಡದು ಎಂದು ಅವನ ಅಪ್ಪಣೆ. ಎಲ್ಲರೂ ಅದನ್ನು ಪಾಲಿಸಿದರು. ಹಂಡೆಯ ನೀರು ದಿನವೂ ಬರಿದಾಗುತ್ತಿತ್ತು.

ಆದರೂ ಆ ಮನೆಯಲ್ಲಿ ಗಾಯಗಳು ಕೀವಾಗುತ್ತಿದ್ದವು. ಗಣಿಯ ಗುಡಿಸಲಿನಲ್ಲಿ ಹರಕು ಬಟ್ಟೆ ಕಟ್ಟಿಕೊಂಡು ಬಿದ್ದಿದ್ದವರ ಗಾಯ ಎಷ್ಟೋ ಸಲ ತಾನಾಗಿ ಒಣಗುತ್ತಿತ್ತು. ಗುಡಿಸಿ ಸಾರಿಸಿದ ಈ ಮನೆಯಲ್ಲಿ ಒಣಗುತ್ತಿರಲಿಲ್ಲ.

ವೈದ್ಯನಿಗೆ ಇದು ಸೋಜಿಗವೆನಿಸಿತು. ಬಾವಿಯ ನೀರಿನ ಮೇಲೆ ಅನುಮಾನ ಬಂತು. ಬೇರೆ ಬಾವಿಯಿಂದ ನೀರು ತರಿಸಿದ. ಫಲವಿಲ್ಲ. ಗಾಯಕ್ಕೆ ಕಟ್ಟುವ ಬಟ್ಟೆಯನ್ನು ಕುದಿಸಿ ಒಣಗಿಸಿದ. ಅದರಿಂದ ಸ್ವಲ್ಪ ಗುಣ ಕಂಡಿತು. ಮತ್ತೆ ಮೊದಲಿನಂತೆಯೇ ಆಯಿತು. ಮಂಚಗಳನ್ನು ಬಿಸಿಲಿಗೆ ಹಾಕಿಸಿದ. ಗಾಳಿ ಬರಲೆಂದು ಗೋಡೆ ಒಡೆಸಿ ಕಿಟಕಿ ಇಡಿಸಿದ. ಏನು ಮಾಡಿದರೂ ಕೀವು ನಿಲ್ಲಲಿಲ್ಲ. ಊಟಕ್ಕೆ ಕೂತಾಗಲೂ ಅವನಿಗೆ ಅದೇ ಯೋಚನೆ.

ಆಗ ಕಲ್ಲು ಹೊರುವ ಒಬ್ಬ ಹೆಂಗಸು ಕಾಲಿನ ಗಾಯಕ್ಕೆ ಔಷಧ ಬೇಕೆಂದು ಬಂದಳು. ಸಣ್ಣ ಗಾಯ. ಅವಳು ನಡೆದುಕೊಂಡೇ ಬಂದಿದ್ದಳು. ಔಷಧ ಹಚ್ಚಿಸಿಕೊಂಡು ಹೋಗುತ್ತೇನೆ ಎಂದಳು. ಇಲ್ಲೇ ಇದ್ದರೆ ಬೇಗ ವಾಸಿಯಾಗುತ್ತದೆ ಎಂದು ವೈದ್ಯನೇ ಅವಳನ್ನು ಉಳಿಸಿಕೊಂಡ. ಗಾಯ ಕೆಂಪಾಯಿತು. ಕಾಲು ಊದಿತು. ಜ್ವರ ನೆತ್ತಿಗೇರಿತು. ಅವಳು ಉಳಿಯಲಿಲ್ಲ.

ಅವಳ ಗಂಡ ಕಲ್ಲು ಒಡೆಯುವವನು. ಹೆಣವನ್ನು ಒಯ್ಯಲು ಬಂದವನು ಕೂಗಾಡಲಿಲ್ಲ. ಒಂದೇ ಮಾತು ಕೇಳಿದ.

"ಅಯ್ಯಾ, ಇವಳನ್ನು ಮನೆಯಲ್ಲೇ ಇಟ್ಟುಕೊಂಡಿದ್ದರೆ ಬದುಕುತ್ತಿದ್ದಳೇ?"

ಕಲ್ಲು ಒಡೆಯುವವನು ಉತ್ತರಕ್ಕೆ ಕಾದು, ಬರದಿದ್ದಾಗ ಹೆಂಡತಿಯನ್ನು ಎತ್ತಿಕೊಂಡು ಹೋದ.

ಅಲ್ಲಿಂದ ಮುಂದೆ ಗಣಿಯ ಜನ ಆ ಮನೆಗೆ ಬರುವುದು ಕಡಿಮೆಯಾಯಿತು. ಇನ್ನು ಬೇರೆ ದಾರಿಯೇ ಇಲ್ಲ ಎಂದಾದ ಮೇಲೆ ಹೊತ್ತುಕೊಂಡು ಬರುತ್ತಿದ್ದರು. ಕರೆ ಬಂದರೆ ವೈದ್ಯನೇ ಗಣಿಗೆ ಹೋಗುತ್ತಿದ್ದ. ಹಾಗೆ ಹೋದಾಗ ಒಂದು ದಿನ ಸಡಿಲ ಕಲ್ಲಿನ ಮೇಲೆ ಕಾಲಿಟ್ಟು ಜಾರಿದ. ತೊಡೆ ಸೀಳಿತು. ಜನ ಅವನನ್ನು ಎತ್ತಿ ತಂದು, ಅವನದೇ ಮನೆಯ ಒಂದು ಮಂಚದ ಮೇಲೆ ಮಲಗಿಸಿದರು.

ಆ ಮನೆ ಕಟ್ಟಿಸಿದವನೇ ಆದರೂ ಆ ಮಂಚದ ಮೇಲೆ ಅವನು ಒಮ್ಮೆಯೂ ಮಲಗಿರಲಿಲ್ಲ. ಇಷ್ಟು ದಿನ ಅವನು ನೋಡಿದ್ದು ಹಂಡೆಯ ಮುಂದೆ ಕೈ ತೊಳೆಯುವವರನ್ನು. ಈಗ ತನ್ನ ಕಡೆಗೆ ಬರುವ ಕೈಗಳನ್ನು ನೋಡಿದ.

ಅವನ ಗಾಯ ನೋಡಿಕೊಳ್ಳಲು ಬಂದ ಹೆಂಗಸು ಅಲ್ಲಿನವರಲ್ಲೆಲ್ಲ ಹೆಚ್ಚು ಶ್ರದ್ಧೆಯವಳು. ಅವಳು ಬಾಗಿಲ ಅಗಳಿ ಸರಿಸಿ ಒಳಗೆ ಬಂದಳು. ಹಣೆಗೆ ಬಿದ್ದಿದ್ದ ಕೂದಲನ್ನು ಹಿಂದಕ್ಕೆ ಸರಿಸಿಕೊಂಡಳು. ದಾರಿಯಲ್ಲಿದ್ದ ಮಂಚವೊಂದನ್ನು ಬದಿಗೆ ತಳ್ಳಿದಳು. ಬಂದು ಅವನ ಪಕ್ಕದಲ್ಲಿ ಕೂತು, ಕಟ್ಟು ಬಿಚ್ಚಿ ಗಾಯದ ಮೇಲೆ ಬೆರಳಿಟ್ಟಳು. ಔಷಧ ಹಚ್ಚಿ, ಹೊಸ ಬಟ್ಟೆ ಕಟ್ಟಿದಳು. ಆಮೇಲೆ ಹಂಡೆಯ ಬಳಿ ಹೋಗಿ, ಮೊಣಕೈವರೆಗೆ ಉಜ್ಜಿ ಉಜ್ಜಿ ಕೈ ತೊಳೆದಳು.

ವೈದ್ಯ ಅವಳನ್ನು ಕರೆದ.

"ಈಗ ಕೈ ತೊಳೆದದ್ದು ಏಕೆ, ತಾಯಿ?"

"ಗಾಯ ಮುಟ್ಟಿದೆನಲ್ಲ ಅಯ್ಯಾ."

"ಇಲ್ಲಿಗೆ ಬರುವ ಮೊದಲು ಏಕೆ ತೊಳೆಯಲಿಲ್ಲ?"

ಅವಳಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಬರುವ ಮೊದಲು ನಾನು ಕೊಳಕು ಏನು ಮುಟ್ಟಿದ್ದೆ?" ಎಂದಳು.

ವೈದ್ಯ ಇಡೀ ದಿನ ಮಲಗಿದಲ್ಲಿಂದಲೇ ಎಲ್ಲರನ್ನೂ ಗಮನಿಸಿದ. ಎಲ್ಲರೂ ತೊಳೆದರು. ಎಲ್ಲರೂ ಮುಟ್ಟಿದ ಮೇಲೆ ತೊಳೆದರು. ತೊಳೆದ ಕೈಯಲ್ಲಿ ಬಾಗಿಲು ಮುಟ್ಟಿದರು, ತಲೆ ಮುಟ್ಟಿದರು, ಎಲೆ ಅಡಿಕೆಯ ಚೀಲ ಮುಟ್ಟಿದರು. ಅದೇ ಕೈಯಲ್ಲಿ ಇನ್ನೊಬ್ಬರ ಗಾಯ ಮುಟ್ಟಿದರು. ಮತ್ತೆ ಹಂಡೆಯ ಬಳಿ ಹೋದರು. ಅವರು ತೊಳೆಯುತ್ತಿದ್ದದ್ದು ರೋಗಿಯಿಂದ ತಮ್ಮನ್ನು ಕಾಪಾಡಿಕೊಳ್ಳಲು. ತಮ್ಮಿಂದ ರೋಗಿಯನ್ನು ಕಾಪಾಡಲು ಯಾರೂ ತೊಳೆಯುತ್ತಿರಲಿಲ್ಲ.

ಅದನ್ನು ಕಲಿಸಿದವನು ತಾನೇ ಎಂಬುದು ಅವನಿಗೆ ನೆನಪಾಯಿತು. ಹಂಡೆಯನ್ನು ಹೊರಗೆ ಹೋಗುವ ದಾರಿಯಲ್ಲಿ ಇಡಿಸಿದವನು ಅವನೇ. ತಾನು ಒಂದು ಮಂಚದಿಂದ ಇನ್ನೊಂದು ಮಂಚಕ್ಕೆ ಹೋಗುತ್ತಿದ್ದದ್ದನ್ನು ನೆನೆದ. ಆ ಹೆಂಗಸಿನ ಕಾಲಿನ ಗಾಯವನ್ನು ತನ್ನ ಕೈಯಿಂದಲೇ ಒತ್ತಿ ನೋಡಿದ್ದನ್ನೂ ನೆನೆದ.

ಮಾರನೆಯ ದಿನ ಕಟ್ಟು ಬದಲಿಸಲು ಅದೇ ಹೆಂಗಸು ಬಂದಳು. ಮೊದಲು ಕೈ ತೊಳೆದು ಬಾ ಎಂದ. ಅವಳ ಮುಖ ಬಾಡಿತು. ನಾನು ಸ್ನಾನ ಮಾಡಿ ಬಂದಿದ್ದೇನೆ ಎಂದಳು. ನಿನ್ನೆ ನೀನು ಇಲ್ಲಿಗೆ ಬರುವಾಗ ಏನೇನು ಮುಟ್ಟಿದೆ ಎಂದು ಅವನು ಒಂದೊಂದಾಗಿ ಹೇಳಿದ. ನಾನೂ ಹೀಗೆಯೇ ಮಾಡುತ್ತಿದ್ದೆ ಎಂದೂ ಹೇಳಿದ. ಅವಳು ಬೇರೆ ಯಾರದೋ ಕೈಯನ್ನು ನೋಡುವಂತೆ ತನ್ನ ಕೈಯನ್ನು ನೋಡಿಕೊಂಡಳು. ಹೋಗಿ ತೊಳೆದು ಬಂದಳು.

ವೈದ್ಯನ ಗಾಯ ಮಾಗಲು ಬಹಳ ಕಾಲ ಹಿಡಿಯಿತು. ಎದ್ದು ಓಡಾಡುವಂತಾದ ಮೇಲೆ ಅವನು ಎಲ್ಲರನ್ನೂ ಕೂರಿಸಿಕೊಂಡು ತಾನು ಕಂಡದ್ದನ್ನು ಹೇಳಿದ. ಎಲ್ಲರೂ ಒಪ್ಪಿದರು. ಕೆಲವು ದಿನ ಮುಟ್ಟುವ ಮೊದಲೂ ತೊಳೆದರು. ಆಮೇಲೆ ಮರೆತರು. ಹಂಡೆ ಬಾಗಿಲಲ್ಲಿತ್ತು, ಮಂಚಗಳು ದೂರದಲ್ಲಿದ್ದವು. ನೋವಿನಿಂದ ಕೂಗುವವನನ್ನು ಬಿಟ್ಟು ಹಂಡೆಯವರೆಗೆ ಹೋಗಿ ಬರಲು ಯಾರಿಗೂ ಮನಸ್ಸು ಬರುತ್ತಿರಲಿಲ್ಲ. ವೈದ್ಯ ಅವರ ಮೇಲೆ ಸಿಟ್ಟಾಗಲಿಲ್ಲ. ಪ್ರತಿ ಮಂಚದ ಕಾಲ ಬಳಿ ಒಂದು ಗಡಿಗೆ ನೀರು, ಒಂದು ಚೊಂಬು ಇಡಿಸಿದ.

ಅಲ್ಲಿ ಬಹಳ ವರ್ಷದಿಂದ ಕೆಲಸ ಮಾಡುತ್ತಿದ್ದ ಒಬ್ಬನಿಗೆ ಇದು ಸರಿ ಬರಲಿಲ್ಲ. "ರೋಗಿಯ ಕಣ್ಣೆದುರಿಗೆ ತೊಳೆದರೆ, ಅವನು ಶುದ್ಧ, ನಮ್ಮ ಕೈ ಅಶುದ್ಧ ಎಂದು ಒಪ್ಪಿಕೊಂಡ ಹಾಗಾಗುತ್ತದೆ" ಎಂದ.

"ಒಪ್ಪಿಕೊಳ್ಳೋಣ" ಎಂದ ವೈದ್ಯ.

ಅಷ್ಟರಲ್ಲಿ ಆ ಕಲ್ಲು ಒಡೆಯುವವನ ಕೈ ಬಂಡೆಯ ಕೆಳಗೆ ಸಿಕ್ಕಿತು. ಆ ಮನೆಗೆ ಹೋಗಬೇಡ ಎಂದು ಅವನ ಕಡೆಯವರು ಹೇಳಿದರು. ಬೆರಳುಗಳು ಕಪ್ಪಾಗತೊಡಗಿದಾಗ ಅವನು ಬೇರೆ ದಾರಿ ಕಾಣದೆ ಬಂದ. ಬಂದವನು ಮಂಚದ ಮೇಲೆ ಮಲಗಲಿಲ್ಲ. ಅಂಚಿನಲ್ಲಿ ಕೂತ.

ವೈದ್ಯ ಅವನ ಎದುರು ನಿಂತು ಗಡಿಗೆಯಿಂದ ನೀರು ಮೊಗೆದುಕೊಂಡ. ನಿಧಾನವಾಗಿ ಎರಡೂ ಕೈ ತೊಳೆದ. ಬೆರಳ ಸಂದುಗಳನ್ನು ಉಜ್ಜಿದ. ಎಲ್ಲೂ ಒರೆಸಿಕೊಳ್ಳದೆ ಕೈಗಳನ್ನು ಗಾಳಿಗೆ ಹಿಡಿದು ನಿಂತ.

ಕಲ್ಲು ಒಡೆಯುವವನು ಅದನ್ನೇ ನೋಡುತ್ತಿದ್ದ.

"ನನ್ನನ್ನು ಮುಟ್ಟಿದ ಮೇಲೆ ಕೈ ತೊಳೆಯುವವರನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ ಅಯ್ಯಾ. ಮುಟ್ಟುವ ಮೊದಲು ತೊಳೆದವರನ್ನು ನೋಡಿರಲಿಲ್ಲ. ಇದು ಏಕೆ?"

"ನನ್ನ ಕೈಯಲ್ಲಿರುವುದು ನಿನ್ನ ಗಾಯಕ್ಕೆ ಹೋಗಬಾರದು ಎಂದು."

ಕಲ್ಲು ಒಡೆಯುವವನು ಆ ಕೈಗಳಿಂದ ಕಣ್ಣೆತ್ತಿ ವೈದ್ಯನನ್ನು ನೋಡಿದ.

"ಅವಳನ್ನು ಮುಟ್ಟುವ ಮೊದಲೂ ಹೀಗೆ ತೊಳೆದಿದ್ದಿರಾ?"

ವೈದ್ಯ ಸುಳ್ಳು ಹೇಳಬಹುದಿತ್ತು. ಅಲ್ಲಿದ್ದ ಯಾರೂ ಅವನನ್ನು ಬಿಟ್ಟುಕೊಡುತ್ತಿರಲಿಲ್ಲ.

"ಇಲ್ಲ" ಎಂದ. "ಆಗ ನನಗೆ ಗೊತ್ತಿರಲಿಲ್ಲ. ಅಂದು ನೀನು ಕೇಳಿದ ಮಾತಿಗೆ ನಾನು ಉತ್ತರ ಕೊಡಲಿಲ್ಲ. ಮನೆಯಲ್ಲಿದ್ದರೆ ಅವಳು ಬದುಕುತ್ತಿದ್ದಳು ಎಂದೇ ನನಗೆ ತೋರುತ್ತದೆ."

ಕಲ್ಲು ಒಡೆಯುವವನು ತಲೆ ತಗ್ಗಿಸಿದ. ಎದ್ದು ಹೋಗುತ್ತಾನೆ ಎಂದು ಎಲ್ಲರೂ ಅಂದುಕೊಂಡರು. ಅವನು ಹೋಗಲಿಲ್ಲ. ಜಜ್ಜಿದ ಕೈಯನ್ನು ಇನ್ನೊಂದು ಕೈಯಿಂದ ಮೆಲ್ಲನೆ ಎತ್ತಿ ವೈದ್ಯನ ಮುಂದೆ ಚಾಚಿದ.

ಎರಡು ಬೆರಳು ಉಳಿಯಲಿಲ್ಲ. ಕೈ ಉಳಿಯಿತು. ಗಾಯ ಕೀವಾಗಲಿಲ್ಲ. ವಾಸಿಯಾಗಿ ಹೋದವನು ಗಣಿಯಲ್ಲಿ ವೈದ್ಯನ ಮದ್ದನ್ನು ಹೊಗಳಲಿಲ್ಲ. ಅಲ್ಲಿ ನಮ್ಮನ್ನು ಮುಟ್ಟುವ ಮೊದಲು ಕೈ ತೊಳೆಯುತ್ತಾರೆ ಎಂದಷ್ಟೇ ಹೇಳಿದ. ಜನ ಮತ್ತೆ ಗಾಯ ಸಣ್ಣದಿದ್ದಾಗಲೇ ನಡೆದುಕೊಂಡು ಬರತೊಡಗಿದರು. ಆಮೇಲೂ ಕೆಲವರ ಗಾಯ ಕೀವಾಯಿತು, ಕೆಲವರು ತೀರಿಕೊಂಡರು. ಆದರೆ ಮೊದಲಿನ ಹಾಗೆ ಒಂದು ಮಂಚದಿಂದ ಇನ್ನೊಂದು ಮಂಚಕ್ಕೆ ರೋಗ ದಾಟಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಸಂಗಯ್ಯ ತನ್ನ ಆಸ್ಪತ್ರೆಯನ್ನು ಮನಸ್ಸಿನಲ್ಲೇ ಸುತ್ತಿ ಬಂದ. ಅಲ್ಲಿ ನಲ್ಲಿ ಇರುವುದು ವಾರ್ಡಿನ ಕೊನೆಯಲ್ಲಿ, ಹೊರಗೆ ಹೋಗುವ ಕಡೆ. ದಾದಿಯರು ತೊಳೆಯುವುದನ್ನು ಅವನು ಕಂಡದ್ದೂ ಅಲ್ಲಿಯೇ. ಅವರು ಮಂಚದ ಬಳಿಗೆ ಬರುವುದನ್ನು ಅವನು ಎಂದೂ ನಿಂತು ನೋಡಿರಲಿಲ್ಲ.

"ತಿಳಿಯಿತು ಬುದ್ಧಿ" ಎಂದ. "ಇವತ್ತೇ ಪ್ರತಿ ಮಂಚದ ಬಳಿ ಕೈ ತೊಳೆಯುವ ಏರ್ಪಾಡು ಮಾಡಿಸುತ್ತೇನೆ. ಇನ್ನು ಒಂದು ಉಳಿಯಿತು. ನಾನು ಎಲ್ಲ ಹೊತ್ತಿನಲ್ಲೂ ಅಲ್ಲಿರುವುದಿಲ್ಲ. ಮುಟ್ಟುವ ಮೊದಲು ಅವರು ತೊಳೆದರೋ ಇಲ್ಲವೋ ಎಂದು ನೋಡಲು ಯಾರನ್ನು ಕಾವಲು ಇಡಲಿ?"

ಗುರುಗಳು ಅವನ ಮುಖ ನೋಡಿದರು.

"ಪೂಜೆಗೆ ಕೂತು ಲಿಂಗ ಮುಟ್ಟುವ ಮೊದಲು ನೀನು ಕೈ ತೊಳೆದೆಯೋ ಇಲ್ಲವೋ ಎಂದು ನೋಡಲು ನಾನು ಯಾರನ್ನು ಕಾವಲು ಇಟ್ಟಿದ್ದೇನೆ, ಸಂಗಯ್ಯ?"

ಸಂಗಯ್ಯ ಗುರುಗಳಿಗೆ ನಮಸ್ಕರಿಸಿ, ಕಾವಲಿನ ಮಾತು ಬಿಟ್ಟು ಆಸ್ಪತ್ರೆಗೆ ಹೊರಟ.