ಕವರು ಬಿಚ್ಚದ ಫಿಲ್ಟರು

ಮನೆಯಂತೆ ಮಂಚ, ಒಲೆ ಎಲ್ಲ ಇದ್ದ ಗಾಡಿಯೊಂದರಲ್ಲಿ ಮೋನಪ್ಪ ಹೆಂಡತಿಯೊಡನೆ ಊರೂರು ಸುತ್ತುತ್ತಿದ್ದ. ಹೊಸ ವಸ್ತುವಿನ ಪ್ಲಾಸ್ಟಿಕ್ ಕವರು ತೆಗೆಯುವುದೆಂದರೆ ಅವನಿಗೆ ಪ್ರಾಣ ಹೋದಂತಾಗುತ್ತಿತ್ತು. ಸೀಟುಗಳಿಗೂ ಮೂರು ವರ್ಷದಿಂದ ಕವರೇ. ಎ.ಸಿ.ಯ ಹೊಸ ಫಿಲ್ಟರನ್ನೂ ಕವರಿನ ಸಮೇತ ಡ್ಯಾಶ್‌ಬೋರ್ಡಿನೊಳಗೆ ಕೂರಿಸಿದ.

ಅದರ ಹಿಂದಿದ್ದ ಎ.ಸಿ.ಯ ಫ್ಯಾನು ಗಾಳಿ ದೂಡುತ್ತ ಫಿಲ್ಟರಿಗೆ, "ತಂಗೀ, ಸ್ವಲ್ಪ ದಾರಿ ಬಿಡು. ಮುಂದೆ ಕೂತವರು ಬೆವರುತ್ತಿದ್ದಾರೆ," ಎಂದಿತು.

"ನಿನ್ನ ಗಾಳಿಯ ತುಂಬ ಧೂಳು. ನನ್ನ ಮೈ ಕೊಳೆಯಾಗುತ್ತದೆ."

"ಧೂಳು ಹಿಡಿಯುವುದಕ್ಕೇ ಅಲ್ಲವೇ ನಿನ್ನನ್ನು ತಂದದ್ದು?"

ಫಿಲ್ಟರು ಕವರನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡಿತು.

ಸೆಕೆ ತಾಳಲಾರದೆ ಹೆಂಡತಿ ಕಮಲಾಕ್ಷಿ ಮುಂದಿನ ಸೀಟು ಬಿಟ್ಟು ಹಿಂದಿನ ಮಂಚಕ್ಕೆ ಹೋದಳು. ಒಬ್ಬನೇ ಉಳಿದ ಮೋನಪ್ಪ ಫ್ಯಾನಿನ ವೇಗವನ್ನು ನಾಲ್ಕಕ್ಕೆ ಏರಿಸಿದ. ಅದು ದಿನವಿಡೀ ಕೂಗಿತು, ಬೇಡಿತು. ಮೂರನೆಯ ದಿನ ಸುಟ್ಟ ವಾಸನೆ ಬಂದು ಸದ್ದು ನಿಂತಿತು. ಫಿಲ್ಟರಿಗೆ ಮೊದಲು ಹಾಯೆನಿಸಿತು. ಸಂಜೆಯ ಹೊತ್ತಿಗೆ ಹಾಯೆನಿಸಲಿಲ್ಲ. ಅದನ್ನು ತಂಗಿ ಎಂದು ಕರೆಯುವವರು ಬೇರೆ ಯಾರೂ ಇರಲಿಲ್ಲ.

ಮರುದಿನ ಕಮಲಾಕ್ಷಿಯೇ ಡ್ಯಾಶ್‌ಬೋರ್ಡು ಬಿಚ್ಚಿ ನೋಡಿದಳು. "ಅಯ್ಯೋ, ಇದರ ಕವರನ್ನೂ ತೆಗೆದಿಲ್ಲವಾ ನೀವು?" ಎಂದು ಹರಿದೆಸೆದು, ಫಿಲ್ಟರನ್ನು ಮತ್ತೆ ಅಲ್ಲೇ ಇಟ್ಟಳು.

"ಅಣ್ಣಾ, ಈಗ ಬಾ," ಎಂದಿತು ಫಿಲ್ಟರು. "ಧೂಳಿದ್ದರೂ ಪರವಾಗಿಲ್ಲ."

ಸುಟ್ಟ ಫ್ಯಾನು ಅಲುಗಲಿಲ್ಲ. ಒಂದು ಕಲೆಯೂ ಇಲ್ಲದೆ, ಬೆಳ್ಳಗೆ, ಫಿಲ್ಟರು ಕಾಯುತ್ತ ಕೂತಿತು.